ಸಿಇಟಿ ಅಂಕ, ಪಿಯು ಅಂಕ, ಒಂದು ಪೆನ್ಸಿಲ್ ಪಟ್ಟಿ

ಹಾಸನ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಜನವರಿ ಬಂತೆಂದರೆ ಪ್ರವೇಶ ಪರೀಕ್ಷೆ ಸಿಇಟಿಯ ಬಗ್ಗೆ ಮಕ್ಕಳು ಕೇಳುವುದು ಒಂದೇ, "ಸರ್, ಸಿಇಟಿಯಲ್ಲಿ ಎಷ್ಟು ಬಂದ್ರೆ ಇಂಜಿನಿಯರಿಂಗ್ ಸೀಟು?"

ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಅಳುತ್ತಾ ಬಂದಿದ್ದಳು. ಕೋಚಿಂಗ್ ಸೆಂಟರ್‌ನಲ್ಲಿ ಯಾರೋ "ಪಿಯು ಪಾಸಾದ್ರೆ ಸಾಕು, ಸಿಇಟಿ ಮಾತ್ರ ಓದು" ಅಂದಿದ್ದರಂತೆ. ಅಲ್ಲಿನ ಟೆಸ್ಟ್‌ಗಳಲ್ಲಿ ಅವಳಿಗೆ 180ಕ್ಕೆ 90 ದಾಟುತ್ತಿರಲಿಲ್ಲ. ನನ್ನ ಕಥೆ ಮುಗೀತು ಅಂದುಕೊಂಡಿದ್ದಳು. ನನಗೆ ತುಂಬಾ ಸಂಕಟವಾಯಿತು. ಆ ಸಲಹೆಯೇ ತಪ್ಪು.

ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಪಿಯುನಲ್ಲಿ 300, ಸಿಇಟಿಯಲ್ಲಿ 180. ಎರಡನ್ನೂ 50ಕ್ಕೆ ಇಳಿಸಿ ಕೂಡಿಸುತ್ತಾರೆ. ಪಿಯುನಲ್ಲಿ 270 ತೆಗೆದರೆ 45. ಸಿಇಟಿಯ 90ಕ್ಕೆ 25. ಒಟ್ಟು 70. ಪಕ್ಕದಲ್ಲಿ ಇನ್ನೊಬ್ಬನ ಲೆಕ್ಕ ಬರೆದೆ: ಸಿಇಟಿ 117, ಪಿಯು 210. ಅವನ ಒಟ್ಟು 67.5. ಸಿಇಟಿಯಲ್ಲಿ 27 ಅಂಕ ಮುಂದಿದ್ದರೂ ರ‍್ಯಾಂಕಿನಲ್ಲಿ ಅವನೇ ಹಿಂದೆ. ಹುಡುಗಿ ಕಣ್ಣೊರೆಸಿಕೊಂಡು ತಾನೇ ಇನ್ನೊಂದು ಸಲ ಭಾಗಿಸಿ ನೋಡಿದಳು.

ಹಾಗಂತ ಸಿಇಟಿಯನ್ನು ಕೈಬಿಡುವುದಲ್ಲ. ಸಿಇಟಿಯ ಮೂರು ಪ್ರಶ್ನೆಗೆ ಪಿಯುನ ಐದು ಅಂಕದಷ್ಟು ತೂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ. ಕೊನೆಯ ಐದು ನಿಮಿಷ ಉಳಿದದ್ದನ್ನು ತುಂಬಲು ಅಂತ ಮೊದಲೇ ಎತ್ತಿಡಿಸುತ್ತೇನೆ.

ಇನ್ನೊಂದು ವಿಷಯ. ಹೋದ ವರ್ಷ ಅಣ್ಣನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತು ಅಂತ ಹೋಲಿಸುವುದು ಸುಮ್ನೆ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಟ್ಟರು. 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆ ಬಂದು, ಜೀವಶಾಸ್ತ್ರವೂ ಸೇರಿ ನಾಲ್ಕು ವಿಷಯಗಳ 50 ಪ್ರಶ್ನೆಯನ್ನು ಅಂಕದ ಲೆಕ್ಕದಿಂದ ಕೈಬಿಟ್ಟರು. ಅಂಕದ ಬೆಲೆ ವರ್ಷ ವರ್ಷ ಬದಲಾಗುತ್ತೆ. ಅದಕ್ಕೇ ನಾನು ನೋಡುವುದು ರ‍್ಯಾಂಕನ್ನು. ಸಿಇಟಿ ನಡೆಸುವ ಕೆಇಎ ಹಾಕುವ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ತೆಗೆದು, ಕಾಲೇಜು, ಕೋರ್ಸು, ಮಗುವಿನ ಕೆಟಗರಿ ಹಿಡಿದು ಸೀಟು ಸಿಕ್ಕ ಕೊನೆಯ ರ‍್ಯಾಂಕನ್ನು ನೋಟ್‌ಬುಕ್ಕಿಗೆ ಇಳಿಸುತ್ತೇವೆ. ಜಿಎಂ (ಮೀಸಲಾತಿ ಇಲ್ಲದ ಸಾಮಾನ್ಯ ವರ್ಗ) ಒಂದು ಕಾಲಂ, 2ಎ (ಹಿಂದುಳಿದ ವರ್ಗ) ಇನ್ನೊಂದು, ಗ್ರಾಮೀಣ ಮತ್ತೊಂದು. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರನ್ನು ಅರ್ಜಿ ತುಂಬುವಾಗಲೇ ಇಬ್ಬರು ಓದಿ ನೋಡುತ್ತೇವೆ. ಅದು ತಾಳೆಯಾಗದಿದ್ದರೆ ಮೀಸಲಾತಿ ಹೋಗಿ ಮಗು ಜಿಎಂನಲ್ಲಿ ನಿಲ್ಲಬೇಕಾಗುತ್ತೆ.

ರ‍್ಯಾಂಕ್ ಬಂದ ಮೇಲೆ ಆ ಹುಡುಗಿ ತಂದೆಯ ಜೊತೆ ಬಂದಳು. ಆಪ್ಷನ್ ಎಂಟ್ರಿಯ ಪಟ್ಟಿಯನ್ನು, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ, ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಳು. ಸಿಗುವುದು ಗ್ಯಾರಂಟಿ ಅಂತ ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನೇ ಮೊದಲ ಸಾಲಿಗೆ ಹಾಕಿದ್ದಳು.

"ನಿನಗೆ ನಿಜವಾಗಿ ಎಲ್ಲಿ ಓದಬೇಕು ಅಂತಿದೆಯಮ್ಮ?" ಅಂತ ಕೇಳಿದೆ.

"ಬೆಂಗಳೂರಿನ ಯುವಿಸಿಇ ಸರ್. ಆದ್ರೆ ಸಿಗಲ್ಲ."

ರಬ್ಬರ್ ತೆಗೆದುಕೊಟ್ಟೆ. ಸಿಗದ ಕಾಲೇಜು ಮೇಲಿದ್ದರೆ ಕೆಳಗಿನದಕ್ಕೆ ಏನೂ ಕುತ್ತಿಲ್ಲ. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತೆ, ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತೆ. ಆದರೆ ಆಸೆಯ ಕಾಲೇಜು ಕೆಳಗಿದ್ದು ಮೇಲಿನದು ಸಿಕ್ಕಿಬಿಟ್ಟರೆ, ಆ ಆಸೆ ಅಲ್ಲಿಗೇ ಮುಗಿಯಿತು. ಆಮೇಲೆ ಅವಳೇ ತಿದ್ದಿ ಬರೆದಳು: ಯುವಿಸಿಇ, ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು ಕಾಲೇಜು, ಆಮೇಲೆ ಸರ್ಕಾರಿ ಕಾಲೇಜು. ಎಲ್ಲ ಕಡೆ ಎಲೆಕ್ಟ್ರಾನಿಕ್ಸ್.

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಮೂರನೆಯ ಸಾಲು ಬಂತು. "ಮೇಷ್ಟ್ರೇ, ಚಾಯ್ಸ್ ಎರಡು ಒತ್ತಿ ಇನ್ನೂ ಕಾಯೋಣ್ವಾ?" ಅಂತ ತಂದೆ ಕೇಳಿದರು. ಚಾಯ್ಸ್ ಒಂದು ಅಂದರೆ ಸಿಕ್ಕಿದ್ದನ್ನೇ ಒಪ್ಪಿ ಸೇರುವುದು; ಎರಡು ಒತ್ತಿದರೆ ಸೀಟು ಕೈಯಲ್ಲಿಟ್ಟುಕೊಂಡೇ ಮೇಲಿನದಕ್ಕೆ ಕಾಯಬಹುದಿತ್ತು. ನೋಟ್‌ಬುಕ್ ತೆಗೆದು ಹಿಂದಿನ ವರ್ಷಗಳ ಎರಡನೇ ಸುತ್ತಿನ ರ‍್ಯಾಂಕ್ ತೋರಿಸಿದೆ. ಎನ್‌ಐಇ ಕೊನೆಯ ರ‍್ಯಾಂಕಿಗೂ ಅವಳ ರ‍್ಯಾಂಕಿಗೂ ತುಂಬಾ ದೂರವಿತ್ತು. ಅವಳು ಎರಡು ನಿಮಿಷ ಆ ಕಾಲಂ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಆಮೇಲೆ "ದಿನಾ ಮನೆಯಿಂದಲೇ ಓಡಾಡಬಹುದು, ಅಲ್ವಾ ಅಪ್ಪ?" ಅಂದು ಚಾಯ್ಸ್ ಒಂದನ್ನು ಒತ್ತಿದಳು.