ವಿಶೇಷ ಚೇತನರ ವಸತಿ ಮನೆ ನಡೆಸುವವರಿಗೆ: ಮೊದಲು ಒಂದು 'ಮಾಮೂಲಿ ಪುಸ್ತಕ' ಇಡಿ

ನಮ್ಮ ಕಾಸರಗೋಡಿನಲ್ಲಿ ಇಂಥ ಮನೆ ಯಾಕೆ ಬೇಕು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆ ವರ್ಷಗಳಲ್ಲಿ ವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಅವರನ್ನು ಎತ್ತಿ ಮೀಯಿಸಿದ ಅಮ್ಮಂದಿರಿಗೆ ಅರವತ್ತು ದಾಟಿದೆ, ಸೊಂಟ ಬಿದ್ದಿದೆ. ಹಗಲಿಗೆ ವಿಶೇಷ ಚೇತನರಿಗಾಗಿ ಪಂಚಾಯತಿನ ಬಡ್ಸ್ ಶಾಲೆಗಳು ಉಂಟು. ರಾತ್ರಿಗೆ? ಅಮ್ಮ ತೀರಿಕೊಂಡ ಮೇಲೆ? ಆ ಪ್ರಶ್ನೆಗೆ ಉತ್ತರವಾಗಿಯೇ ಅಲ್ಲಲ್ಲಿ ಇಂಥ ಮನೆ ಮಾಡಲು ಜನ ಮುಂದೆ ಬರುತ್ತಿದ್ದಾರೆ. ಅವರಿಗಾಗಿ ಇದು. ಹತ್ತು ಹನ್ನೆರಡು ಜನ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಟ್ಟಡ, ರ‍್ಯಾಂಪ್, ಅಗಲದ ಬಾಗಿಲು, ಜಾರದ ನೆಲ ಎಲ್ಲ ಬೇಕು. ಅದನ್ನು ಎಂಜಿನಿಯರ್ ಹೇಳುತ್ತಾರೆ. ಅವರು ಹೇಳದ ಒಂದು ವಿಷಯ ಇದೆ. ಇಲ್ಲಿ ಇರುವ ಹೆಚ್ಚಿನವರಿಗೆ 'ನನಗೆ ಇಲ್ಲಿ ನೋಯುತ್ತಿದೆ' ಅಂತ ಹೇಳಲು ಬಾಯಿಲ್ಲ. ಅವರ ಮಾಮೂಲಿ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತಿದ್ದರೆ ಮಾತ್ರ, ಅದು ತಪ್ಪಿದ ದಿನ ಏನೋ ಆಗಿದೆ ಅಂತ ಗೊತ್ತಾಗುತ್ತದೆ.

ನಾವು ನಡೆಸುವ ಮನೆಯಲ್ಲಿ ಇಪ್ಪತ್ತೆಂಟರ ಒಬ್ಬ ಹುಡುಗ. ಮಾತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಜಗಲಿಯ ನಲ್ಲಿ ತಿರುಗಿಸಿ, ನೀರಿಗೆ ಅಂಗೈ ಒಡ್ಡಿ ಸ್ವಲ್ಪ ಹೊತ್ತು ನೋಡುತ್ತಾನೆ, ಆಮೇಲೆ ಚಾ. ಒಂದು ದಿನ ನಲ್ಲಿಯ ಹತ್ತಿರ ಹೋಗಲಿಲ್ಲ. ಹೊಸ ಕೆಲಸದವರಿಗೆ ಅದು ಗೊತ್ತಾಗಲಿಲ್ಲ, ಉದಾಸೀನ ಅಂದುಕೊಂಡರು. ಮರುದಿನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ. 'ಹಟ ಜಾಸ್ತಿಯಾಗಿದೆ' ಅಂತ ಬರೆದಿಟ್ಟರು. ಮೂರನೇ ದಿನ ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆ ಹಲ್ಲಿನ ಬುಡದಲ್ಲಿ ಕೀವು. ಮೂರು ದಿನ ಆ ನೋವು ತಿಂದಿದ್ದಾನೆ, ನಾವು ಪಕ್ಕದಲ್ಲೇ ಇದ್ದೆವು. ಅವತ್ತೇ ಸಂಜೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಒಬ್ಬೊಬ್ಬರಿಗೆ ಕೆಲವು ಪುಟ ಬಿಟ್ಟು ಅವರ ಮಾಮೂಲಿ ದಿನವನ್ನು ಬರೆಯಲು ಕೂತೆವು. ಅದೇ 'ಮಾಮೂಲಿ ಪುಸ್ತಕ'.

ಅದರಲ್ಲಿ ಏನಿರಬೇಕು? ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಮಗ್ಗುಲಿಗೆ ಮಲಗುತ್ತಾರೆ, ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತಾರೆ, ಖುಷಿಯಾದರೆ ಏನು ಮಾಡುತ್ತಾರೆ, ಹೆದರಿದರೆ ಏನು ಮಾಡುತ್ತಾರೆ. ಯಾವ ಸದ್ದು ಆಗುವುದಿಲ್ಲ (ಮಿಕ್ಸಿ, ಗರ್ನಾಲು ಪಟಾಕಿ, ಪ್ರೆಷರ್ ಕುಕ್ಕರಿನ ಸೀಟಿ). ಹೆಂಗಸರಾದರೆ ಮುಟ್ಟಿನ ತಾರೀಕು, ಆ ದಿನಗಳಲ್ಲಿ ಹೇಗಿರುತ್ತಾರೆ ಎಂಬುದು. ಯಾರಾದರೂ ಇದ್ದಕ್ಕಿದ್ದ ಹಾಗೆ ಕಚ್ಚಿದರೆ, ಹೊಡೆದರೆ, ತಲೆ ಚಚ್ಚಿಕೊಂಡರೆ ಮೊದಲು ನೋಡಬೇಕಾದ್ದು ಹಲ್ಲು, ಕಿವಿ, ಹೊಟ್ಟೆ, ಮೂತ್ರದ ಉರಿ. ಮಲಬದ್ಧತೆಯನ್ನಂತೂ ಮರೆಯಬೇಡಿ, ಸದಾ ಕೂತೇ ಇರುವವರಲ್ಲಿ ಅದು ಬಹಳ. ಇದೆಲ್ಲ ನೋಡಿ ಆದಮೇಲೆ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಅಂತ ಬರೆಯಿರಿ. ಯಾರು ಬಂದರು, ಏನು ಕಸಿದುಕೊಂಡರು, ಎಷ್ಟು ಹೊತ್ತು ಕಾಯಿಸಿದರು. ನಾಲ್ಕೈದು ಸಲ ಬರೆದರೆ ಕಾರಣ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಕಟ್ಟಿ ಹಾಕುವುದು, ಕೋಣೆಗೆ ಬೀಗ ಹಾಕುವುದು, ಸುಮ್ನಿರಲಿ ಅಂತ ನಿದ್ದೆ ಮಾತ್ರೆ ಕೊಡುವುದು ಬೇಡವೇ ಬೇಡ.

ನಮ್ಮ ಊರಿನ ಭಾಷೆ

ಇದು ಬೇರೆ ಕಡೆಯವರಿಗೆ ಅಷ್ಟು ಬಾರದ ಸಮಸ್ಯೆ. ಒಂದೇ ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಗಳಿಂದ ಬಂದವರಿರುತ್ತಾರೆ. ನರ್ಸ್ ಹೆಚ್ಚಾಗಿ ಮಲಯಾಳದವರು. 'ಬೇಡ' ಅನ್ನಲು ಹುಟ್ಟಿದಾಗಿನಿಂದ ತುಳುವಿನ 'ಬೊಡ್ಚಿ' ಅಂತ ಮಾತ್ರ ಕೇಳಿದವರಿಗೆ ಮಲಯಾಳದ 'ವೇಂಡ' ಅಂದರೆ ತಲೆಗೆ ಹೋಗುವುದಿಲ್ಲ. ಆಗ 'ಇವರಿಗೆ ಏನೂ ಅರ್ಥ ಆಗುವುದಿಲ್ಲ' ಅಂತ ತೀರ್ಮಾನ ಮಾಡುತ್ತಾರೆ! ಅರ್ಥ ಆಗದಿರುವುದು ಭಾಷೆ. ಒಬ್ಬೊಬ್ಬರ ಪುಟದ ಮೇಲ್ಗಡೆ ಇಪ್ಪತ್ತು ಶಬ್ದ ಬರೆದಿಡಿ: ನೀರು, ಊಟ, ನೋವು, ಬೇಡ, ಸಾಕು, ಬಾ, ಕೂತುಕೋ, ಅಮ್ಮ... ಅವರ ಮನೆಯಲ್ಲಿ ಹೇಳುವ ಹಾಗೆಯೇ ಬರೆಯಿರಿ, ಪಕ್ಕದಲ್ಲಿ ಮಲಯಾಳ ಲಿಪಿಯಲ್ಲೂ ಬರೆಯಿರಿ. ಮೂವತ್ತೈದು ವರ್ಷದವರನ್ನು 'ಮಗು' ಅಂತ ಕರೆಯಬೇಡಿ, ಹೆಸರು ಹಿಡಿದು ಕರೆಯಿರಿ. ಮನೆಯಲ್ಲಿ 'ಅಣ್ಣ' ಅನ್ನುತ್ತಿದ್ದರೆ ನೀವೂ ಅಣ್ಣ ಅನ್ನಿ.

ಊಟ

ಗಂಜಿ ನಮ್ಮ ಅಭ್ಯಾಸ. ಆದರೆ ನುಂಗಲು ಕಷ್ಟ ಇರುವವರಿಗೆ ಗಂಜಿ ಅಪಾಯ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ತಿಳಿಯೂ ಅಗುಳೂ ಬೇರೆ ಬೇರೆಯಾಗಿ ಬಾಯಿಗೆ ಬಂದಾಗ ನೀರು ಬೇಗ ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ, ಕೆಮ್ಮು ಬರುತ್ತದೆ. ಹಾಗೆ ಶ್ವಾಸಕೋಶಕ್ಕೆ ಹೋದ ಅನ್ನ ನ್ಯುಮೋನಿಯಾ ತರುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇಡಿ. ಎಷ್ಟು ಗಟ್ಟಿ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿ ತಿಳಿದುಕೊಳ್ಳಿ. ಮಲಗಿಸಿ ಉಣಿಸಬೇಡಿ. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ನೀವೂ ಎದುರಿಗೆ ಕೂತುಕೊಳ್ಳಿ, ನಿಂತು ಮೇಲಿನಿಂದ ತುರುಕಬೇಡಿ. ಊಟ ಆದ ಮೇಲೂ ಅರ್ಧ ಗಂಟೆ ಕೂತಿರಲಿ. ಮೀನಿನ ಮುಳ್ಳನ್ನು ಬೆರಳಿನಲ್ಲೇ ಮುಟ್ಟಿ ನೋಡಿ ತೆಗೆಯಬೇಕು, ಕಣ್ಣು ನಂಬಬೇಡಿ.

ರಾತ್ರಿ, ಫಿಟ್ಸ್, ಮಳೆಗಾಲ

ರಾತ್ರಿ ಒಬ್ಬರೇ ಇರುವ ಹಾಗೆ ಯಾವತ್ತೂ ಡ್ಯೂಟಿ ಹಾಕಬೇಡಿ. ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಉಳಿದವರ ಹತ್ತಿರ ಯಾರಿರುತ್ತಾರೆ? ಹಣ ಇಲ್ಲ ಅಂದರೆ ಬೇರೆ ಎಲ್ಲಾದರೂ ಕಡಿಮೆ ಮಾಡಿ, ಇದರಲ್ಲಿ ಮಾತ್ರ ಬೇಡ. ತಾವಾಗಿ ಹೊರಳಲಾರದವರನ್ನು ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನಿನ ಕೆಳಗೆ ಹುಣ್ಣಾಗುತ್ತದೆ, ಅದು ಬೇಗ ವಾಸಿಯಾಗುವುದಿಲ್ಲ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ತಲೆಯ ಕೆಳಗೆ ಮೆತ್ತನೆಯದು ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಬೀಗದಕೈ ಕೊಡುವ ಅಭ್ಯಾಸದಿಂದ ಏನೂ ಪ್ರಯೋಜನ ಇಲ್ಲ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಕಾಯದೆ ಆಸ್ಪತ್ರೆಗೆ. ಫಿಟ್ಸ್ ಮಾತ್ರೆ ಒಂದೆರಡು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ಹಾಗಾಗಿ ಜೂನ್ ಒಳಗೆ ಕನಿಷ್ಠ ಒಂದು ತಿಂಗಳಿನ ಮಾತ್ರೆ ತಂದಿಟ್ಟುಕೊಳ್ಳಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದರೆ ನಮ್ಮ ಒಳದಾರಿಗಳು ದಿನವಿಡೀ ಬಂದ್, ಅಲ್ವಾ.

ಇನ್ನೊಂದು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವೆಲ್ಲ ಏನು ಅನುಭವಿಸಿದೆವು ಅಂತ ಗೊತ್ತೇ ಇದೆ. ಒಬ್ಬೊಬ್ಬರ ಕಾಯಿಲೆಯ ಫೈಲನ್ನು ಎರಡು ಪ್ರತಿ ಮಾಡಿ, ಮಂಗಳೂರು ಕಡೆ ಒಂದು ಆಸ್ಪತ್ರೆಯಲ್ಲೂ, ಈಚೆ ಪರಿಯಾರಂ ಮೆಡಿಕಲ್ ಕಾಲೇಜಿನಲ್ಲೋ ಜಿಲ್ಲೆಯ ಒಳಗೋ ಒಂದು ಕಡೆಯೂ ತೋರಿಸಿ ಇಟ್ಟಿರಿ.

ಕೆಲಸದವರು

ಡ್ಯೂಟಿ ಬದಲಾಗುವಾಗ ಹದಿನೈದು ನಿಮಿಷ ಇಬ್ಬರೂ ಒಟ್ಟಿಗೆ ಇರಬೇಕು. ಪುಸ್ತಕ ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು, ಆಫೀಸಿನಲ್ಲಿ ಕೂತು ಅಲ್ಲ. ಭಾರ ಇರುವವರನ್ನು ಇಬ್ಬರು ಸೇರಿಯೇ ಎತ್ತಬೇಕು. ಹೆಂಗಸರನ್ನು ಮೀಯಿಸುವುದು, ಬಟ್ಟೆ ಬದಲಿಸುವುದು ಹೆಂಗಸರೇ. ಸಂಬಳ ತಡ ಮಾಡಬೇಡಿ. ಕೆಲಸದವರು ಬಿಟ್ಟು ಹೋದಾಗ ಅವರಿಗೆ ಗೊತ್ತಿದ್ದ ಮಾಮೂಲಿಯೂ ಅವರ ಜೊತೆ ಹೋಗುತ್ತದೆ. ಮೈಮೇಲೆ ಹೊಸ ಗಾಯ, ನೀಲಿ ಕಲೆ ಕಂಡರೆ ಅದೇ ದಿನ ತಾರೀಕು ಹಾಕಿ ಬರೆಯಿರಿ, ಮನೆಯವರಿಗೆ ಹೇಳಿ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಒಳಗೇ ಮುಗಿಸುವ ಮಾತೇ ಇಲ್ಲ. ಹದಿನೆಂಟರ ಕೆಳಗಿನವರಾದರೆ 2012ರ ಪೋಕ್ಸೋ ಕಾಯ್ದೆಯಲ್ಲಿ ತಿಳಿಸದಿರುವುದೇ ಅಪರಾಧ. ದೊಡ್ಡವರಾದರೂ ಪೊಲೀಸರಿಗೆ ಹೇಳಲೇಬೇಕು.

ಕಾಗದಪತ್ರ

ಇಂಥ ಸಂಸ್ಥೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ. ಹದಿನೆಂಟರ ಕೆಳಗಿನವರನ್ನು ಇಟ್ಟುಕೊಳ್ಳುವುದಾದರೆ 2015ರ ಬಾಲನ್ಯಾಯ ಕಾಯ್ದೆಯೂ ಬರುತ್ತದೆ. ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮ ತಾನಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ, ಈ ವಿಷಯ ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹು ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅಮ್ಮ ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿಸಿ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ನವೀಕರಿಸುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅರ್ಜಿ ಮಲಯಾಳದಲ್ಲೇ ಆಗಬೇಕು ಅಂತ ಯಾರಾದರೂ ಹಿಂದೆ ಕಳಿಸಿದರೆ ಸುಮ್ನೆ ಬರಬೇಡಿ. ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಲು ಕೇರಳದ ಭಾಷಾ ಕಾನೂನೇ ಅವಕಾಶ ಕೊಟ್ಟಿದೆ. ಒಬ್ಬೊಬ್ಬರ ಪೆನ್ಶನ್ ಅವರವರ ಖಾತೆಯಲ್ಲೇ ಇರಲಿ, ಮನೆಯ ಖರ್ಚಿಗೆ ಬೆರೆಸಬೇಡಿ. ಅವರ ಹಣದಿಂದ ಒಂದು ಅಂಗಿ ತಂದರೂ ಬಿಲ್ಲು ಇಡಿ.

ಹೊಸಬರು ಬರುವಾಗ

ಅಮ್ಮನನ್ನು ಆಫೀಸಿನಲ್ಲಿ ಕೂರಿಸಿ ಫಾರಂ ತುಂಬಿಸಬೇಡಿ. ನೀವೇ ಅವರ ಮನೆಗೆ ಹೋಗಿ, ಬೆಳಿಗ್ಗೆಯಿಂದ ರಾತ್ರಿ ಮಲಗುವವರೆಗೆ ಒಂದು ದಿನ ಪೂರ್ತಿ ನೋಡಿ. ಕೇಳಿದರೆ ಅವರು 'ಎಂತ ಇಲ್ಲ ಮಾರಾಯ್ರೇ, ಹೇಳಿದ ಹಾಗೆ ಕೇಳ್ತಾಳೆ' ಅನ್ನುತ್ತಾರೆ, ಯಾಕೆಂದರೆ ಮೂವತ್ತು ವರ್ಷದಿಂದ ಮಾಡಿದ್ದು ಅವರ ಕೈಗೆ ಗೊತ್ತು, ಮಾತಿಗೆ ಬರುವುದಿಲ್ಲ. ಒಬ್ಬ ತಾಯಿ ಮಗಳಿಗೆ ಮಾತ್ರೆ ಕೊಡುವ ಮೊದಲು ಅವಳ ಎಡಗೈಯನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕೇಳಿದ್ದರೆ ಹೇಳುತ್ತಿರಲಿಲ್ಲ, ನೋಡಿದ್ದಕ್ಕೆ ಪುಸ್ತಕಕ್ಕೆ ಬಂತು. ನಮ್ಮಲ್ಲಿಗೆ ಬಂದ ಮೇಲೂ ಹಾಗೆ ಇಟ್ಟುಕೊಂಡರೆ ಮಾತ್ರ ಅವಳು ಬಾಯಿ ತೆರೆಯುವುದು.

ಬರುವಾಗ ಹೊಸ ಬೆಡ್‌ಶೀಟ್ ತರುವುದು ಬೇಡ ಅನ್ನಿ. ಅಮ್ಮ ಹೊದೆಯುವ ಹಳೆಯ ಸೀರೆ ಒಂದನ್ನು, ಒಗೆಯದೆ, ತರಲು ಹೇಳಿ.