ಕ್ಲೋವರ್ ಹಿಲ್‌ನಲ್ಲಿ ಟೇಪು ಹಿಡಿದ ದಿನ

ಒಂದು ಇಟ್ಟಿಗೆಯ ದಪ್ಪ ಅಳೆದು, ವರಸೆ (ಇಟ್ಟಿಗೆಯ ಸಾಲು) ಎಣಿಸಿ, ಗುಣಿಸಿ ಕ್ಲೋವರ್ ಹಿಲ್ ಎಂಬ ಹಳೆಯ ಕಟ್ಟಡದ ಗೋಡೆಯ ಎತ್ತರ ಬರೆದುಕೊಂಡೆ. ಟೇಪು ಇಳಿಬಿಟ್ಟು ನೋಡಿದರೆ ಅರ್ಧ ಅಡಿ ತಪ್ಪು! ಕೈಯಚ್ಚಿನ ಇಟ್ಟಿಗೆ ಒಂದರಂತೆ ಇನ್ನೊಂದು ಇರುವುದಿಲ್ಲ. ಗೂಡಿನಲ್ಲಿ ಬೆಂಕಿಗೆ ಹತ್ತಿರವಿದ್ದದ್ದು ಹೆಚ್ಚು ಕುಗ್ಗಿರುತ್ತದೆ. ಮತ್ತೆ ಮೊದಲಿಂದ ಶುರು. ಈ ಸಲ ಗಾರೆಯ ಸಂದನ್ನೂ ಸೇರಿಸಿ ಹತ್ತು ವರಸೆ ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿದೆ. ಮೂರು ಕಡೆ ಹೀಗೆ ಮಾಡಿದ ಮೇಲೆ ಲೆಕ್ಕ ಕೂಡಿಬಂತು.

ಅದು ಇರುವುದು ಅಮೆರಿಕದ ವರ್ಜೀನಿಯಾದ ಆಪೊಮ್ಯಾಟಾಕ್ಸ್ ಕೋರ್ಟ್ ಹೌಸ್ ಎಂಬ ಹಳ್ಳಿಯಲ್ಲಿ. ರಿಚ್ಮಂಡ್‌ನಿಂದ ಲಿಂಚ್‌ಬರ್ಗ್‌ಗೆ ಹೋಗುವ ಸಾರೋಟು ದಾರಿಯಲ್ಲಿ 1819ರಲ್ಲಿ ಅಲೆಕ್ಸಾಂಡರ್ ಪ್ಯಾಟಸನ್ ಕಟ್ಟಿಸಿದ ಕ್ಲೋವರ್ ಹಿಲ್ ಟ್ಯಾವರ್ನ್, ಊರಿನ ಅತ್ಯಂತ ಹಳೆಯ ಕಟ್ಟಡ. ಟ್ಯಾವರ್ನ್ ಎಂದರೆ ಹೆಂಡದಂಗಡಿ ಎಂದುಕೊಂಡವರಿಗೆ ನಿರಾಸೆಯಾದೀತು. ಊಟ, ಹಾಸಿಗೆ, ದಣಿದ ಕುದುರೆಗಳಿಗೆ ವಿಶ್ರಾಂತಿ, ಜೊತೆಗೆ ಕುಡಿತ: ನಮ್ಮ ಛತ್ರಕ್ಕೆ ಸ್ವಲ್ಪ ದುಡ್ಡು, ಸ್ವಲ್ಪ ಮದ್ಯ ಬೆರೆಸಿದ ಹಾಗೆ. ಅಡುಗೆಮನೆ ಬೇರೆಯೇ ಕಟ್ಟಡ. ಬೆಂಕಿಯ ಭಯ, ಬೇಸಿಗೆಯ ಧಗೆ ಎರಡಕ್ಕೂ ಅದೇ ಮದ್ದು. ಹಿಂದೆ ಗುಲಾಮರ ಬಿಡಾರವಿತ್ತು. ಅದನ್ನು ಆಮೇಲೆ ಮರಳಿ ಕಟ್ಟಿದ್ದಾರೆ, ನಾನು ಹೋದಾಗ ಒಳಗೆ ಪ್ರವಾಸಿಗರ ಶೌಚಾಲಯವಿತ್ತು. ಅದರ ಅಳತೆ ತೆಗೆಯಲು ಮನಸ್ಸಾಗಲಿಲ್ಲ.

ಅಮೆರಿಕದ ಅಂತರ್ಯುದ್ಧದ ಕೊನೆಗೆ, 1865ರ ಏಪ್ರಿಲ್‌ನಲ್ಲಿ, ದಕ್ಷಿಣದ ರಾಜ್ಯಗಳ ಸೇನಾಪತಿ ಲೀ ಈ ಊರಿನಲ್ಲಿ ಶರಣಾದ ಮೇಲೆ ಇದೇ ಟ್ಯಾವರ್ನ್‌ನಲ್ಲಿ ಅಚ್ಚುಯಂತ್ರ ಇಟ್ಟು, ಸೋತ ಸೈನಿಕರು ಮನೆಗೆ ಮರಳಲು ಬೇಕಾದ ರಹದಾರಿ ಚೀಟಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮುದ್ರಿಸಿದರು. ಅಳತೆಯ ಮರುದಿನ ಬೆಳಿಗ್ಗೆ ನಾನು ಮತ್ತೆ ಬಂದು ಆ ಮುದ್ರಣದ ಕೋಣೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಇಷ್ಟೆಲ್ಲ ಅಳೆಯುವ ಹುಚ್ಚು ಹತ್ತಿಸಿದ್ದು ಪಕ್ಕದ ಮೆಕ್ಲೀನ್ ಮನೆ. ಶರಣಾಗತಿ ನಡೆದದ್ದು ಅಲ್ಲಿ. ಆ ಇಟ್ಟಿಗೆ ಮನೆಯನ್ನು ವಾಷಿಂಗ್ಟನ್‌ಗೆ ಸಾಗಿಸಿ ವಸ್ತುಸಂಗ್ರಹಾಲಯ ಮಾಡಬೇಕೆಂದು 1893ರಲ್ಲಿ ಬಿಚ್ಚಿದರು, ಸಾಗಿಸಲು ದುಡ್ಡು ಸಾಲಲಿಲ್ಲ. ಇಟ್ಟಿಗೆ ರಾಶಿ ಮಳೆಯಲ್ಲಿ ನೆನೆಯಿತು, ಎಷ್ಟೋ ಕಳುವಾಯಿತು. ಆದರೆ ಬಿಚ್ಚುವ ಮುನ್ನ ಯಾರೋ ಮನೆಯನ್ನು ಇಂಚಿಂಚೂ ಅಳೆದು ನಕ್ಷೆ ಬರೆದಿಟ್ಟಿದ್ದರು. 1940ರ ದಶಕದಲ್ಲಿ ಆ ನಕ್ಷೆ ಹಿಡಿದೇ ಮನೆ ಮತ್ತೆ ಎದ್ದಿತು.

ಸಂಜೆ ಓರೆ ಬಿಸಿಲು ಬಿದ್ದಾಗ ಗೋಡೆಯ ಉಬ್ಬುತಗ್ಗು ತಾನಾಗಿ ಕಾಣುತ್ತದೆ, ಫೋಟೋ ಆಗಲೇ ತೆಗೆಯಬೇಕು. ನಾನು ಅಡುಗೆಮನೆಯ ಹಿಂಗೋಡೆಗೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಆ ಪುಟ ಇನ್ನೂ ಖಾಲಿಯಿದೆ.