ಗಾಳದ ಸೀಸದ ಗುಂಡು ಮನೆಯಲ್ಲೇ ಎರಕ ಹೊಯ್ಯುವುದು ಹೇಗೆ?

ಗಾಳಕ್ಕೆ ಕಟ್ಟಿದ ಸೀಸದ ಗುಂಡು ಬಂಡೆ ಸಂದಿಗೆ ಸಿಕ್ಕಿ ಕಳೆದುಹೋಗುವುದು ಮಾಮೂಲಿ ಅಲ್ವಾ, ಮನೆಯಲ್ಲೇ ಹೊಯ್ದುಕೊಂಡರೆ ಆ ಬೇಜಾರು ಕಡಿಮೆ.

ಮೊದಲು ಅಚ್ಚು. ಎಲ್ಲಿ ಗಾಳ ಹಾಕುತ್ತೀರಿ ಅಂತ ನೋಡಿ ಆರಿಸಿ. ಮರಳಿನ ತಳ, ಅಲೆಯ ಸೆಳೆತ ಇದ್ದರೆ ಪಿರಮಿಡ್ ಆಕಾರದ್ದು ಕಚ್ಚಿಕೊಂಡು ನಿಲ್ಲುತ್ತದೆ. ಕಲ್ಲು ಜಾಸ್ತಿ ಇದ್ದರೆ ಮೂಲೆಯಿಲ್ಲದ ನುಣುಪು ಗುಂಡೇ ವಾಸಿ. ಅಲ್ಯೂಮಿನಿಯಂ ಅಚ್ಚು ಹಗುರ, ಬೇಗ ಬಿಸಿಯಾಗುತ್ತದೆ. ಕಬ್ಬಿಣದ್ದು ಬಾಳಿಕೆ ಬರುತ್ತದೆ, ಆದರೆ ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿಡಬೇಕು. ಎರಡು ಮೂರು ತೂಕದ ಗುಂಡು ಬರುವ ಒಂದೇ ಅಚ್ಚು ಶುರುವಿಗೆ ಸಾಕು.

ಈಗ ಗಮನ ಇಟ್ಟು ಓದಿ. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ. ಆ ಬಿಸಿಗೆ ಒಂದು ಹನಿ ನೀರು ಸಿಕ್ಕರೂ ಆವಿಯಾಗಿ ಸಿಡಿದು, ಕರಗಿದ ಸೀಸವೆಲ್ಲ ಮುಖಕ್ಕೆ ಎರಚುತ್ತದೆ, ಹಾಗಾಗಿ ಅಚ್ಚು, ಸೌಟು, ಹಳೆಯ ಸೀಸ ಎಲ್ಲವೂ ಒಣಗಿರಲೇಬೇಕು. ಬಯಲಲ್ಲೇ ಮಾಡಿ. ಕನ್ನಡಕ, ಚರ್ಮದ ಗ್ಲೌಸ್, ಮುಚ್ಚಿದ ಶೂ ಬೇಕು. ಮಕ್ಕಳನ್ನು, ಗರ್ಭಿಣಿಯರನ್ನು ಹತ್ತಿರ ಬಿಡಬೇಡಿ, ಸೀಸ ಅವರಿಗೆ ವಿಷ. ಅಡುಗೆ ಪಾತ್ರೆ ಮುಟ್ಟಲೇಬೇಡಿ, ಇದಕ್ಕೇ ಒಂದು ಕಬ್ಬಿಣದ ಪಾತ್ರೆ ಇಡಿ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆಯೂ ಬೇಡ, ಅದರಲ್ಲಿ ಆಸಿಡ್ ಇರುತ್ತದೆ.

ಕರಗಿದ ಮೇಲೆ ತೇಲುವ ಕಸ ತೆಗೆದು, ಮೊದಲೇ ಬಿಸಿ ಮಾಡಿದ ಅಚ್ಚಿಗೆ ಒಂದೇ ಸಮನೆ ಹೊಯ್ಯಿರಿ. ಮೊದಲ ನಾಲ್ಕೈದು ಗುಂಡು ಸುಕ್ಕಾಗಿ ಬಂದರೆ ಅಚ್ಚು ಇನ್ನೂ ತಣ್ಣಗಿದೆ ಅಂತ, ಅವನ್ನು ಮತ್ತೆ ಪಾತ್ರೆಗೆ ಹಾಕಿ. ಮುಗಿದ ಮೇಲೆ ಕೈ ಮುಖ ಸೋಪು ಹಾಕಿ ತೊಳೆದು, ಬಟ್ಟೆ ಬೇರೆಯಾಗಿ ಒಗೆಯಿರಿ.